ಖಾಲಿ ಬರಬೇಕಾಗಿದ್ದ ಡ್ರಮ್ಮು

ನನ್ನ ತಲೆ ಮೊದಲಿನಿಂದಲೂ ಸ್ವಲ್ಪ ನಿಧಾನ. ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ಚುರುಕಾಗಿಯೇ ಇರುತ್ತೇನೆ. ಮನೆ, ನೆಂಟರು, ಊರು ಅಂತ ಬಂದರೆ ಮಾತ್ರ ಯಾರು ಯಾಕೆ ಮುನಿಸಿಕೊಂಡರು, ಯಾರು ಯಾಕೆ ಸುಮ್ಮನಾದರು ಅನ್ನುವುದು ಊರಿಗೆಲ್ಲ ತಿಳಿದ ಮೇಲೆ ನನಗೆ ತಿಳಿಯುತ್ತದೆ. ಅತ್ತೆ ಇದನ್ನು ಹೇಳಿ ಹೇಳಿ ನಗುತ್ತಿದ್ದರು. ಆದರೆ ತೊಂಬತ್ತರ ದಶಕದಲ್ಲಿ ಹೇಮಾವತಿ ಹೊಳೆನರಸೀಪುರದ ನಮ್ಮ ಬೀದಿಗೆ ನುಗ್ಗಿದ ಆ ಮಳೆಗಾಲದಲ್ಲಿ ತಬ್ಬಿಬ್ಬಾದವಳು ನಾನೊಬ್ಬಳೇ ಅಲ್ಲ. ನಾಲ್ಕು ಊರಿನವರು ಒಟ್ಟಿಗೆ ತಬ್ಬಿಬ್ಬಾಗಿದ್ದರು. ಅದೊಂದು ಸಮಾಧಾನ ನನಗೆ ಇವತ್ತಿಗೂ ಇದೆ.

ಅದಕ್ಕೂ ಹಿಂದೆ ಒಂದು ಸಲ ಹೊಳೆ ಬಂದಿತ್ತು. ಆಗ ಮನೆಗಳಲ್ಲಿದ್ದ ರಾಗಿ ಅಕ್ಕಿಯೆಲ್ಲ ನೆಂದು, ಮುಗ್ಗಲು ಹಿಡಿದು, ದನಕ್ಕೂ ಹಾಕಲಾರದಂತಾಯಿತು. ಅದನ್ನು ಕಂಡ ಹಾಸನದ ಒಬ್ಬ ನಿವೃತ್ತ ಅಧಿಕಾರಿಗಳು ನಾಲ್ಕು ಊರಿನ ಮಹಿಳಾ ಸಂಘದವರನ್ನು ಕರೆದು ಒಂದು ಸಭೆ ಮಾಡಿದರು. ನಾವೆಲ್ಲ ಅವರನ್ನು ಸಾಹೇಬರು ಅನ್ನುತ್ತಿದ್ದೆವು. ಹೊಳೆ ಪಕ್ಕದ ಊರಿನವರು ಆಪತ್ತಿನ ದವಸವನ್ನು ತಮ್ಮಲ್ಲೇ ಇಟ್ಟುಕೊಂಡರೆ ಹೊಳೆಗೇ ಬಡಿಸಿಟ್ಟ ಹಾಗೆ ಆಗುತ್ತದೆ ಅಂತ ಅವರ ವಾದ. ಹಾಗಾಗಿ ಹೊಳೆನರಸೀಪುರದ ದವಸ ಚನ್ನರಾಯಪಟ್ಟಣದಲ್ಲಿ ಇರಬೇಕು, ಅರಕಲಗೂಡಿನದು ಹಾಸನದಲ್ಲಿ. ಒಬ್ಬರ ಅನ್ನಕ್ಕೆ ಇನ್ನೊಬ್ಬರು ಕಾವಲು. ಚನ್ನರಾಯಪಟ್ಟಣ ನನ್ನ ತವರು. ಅಲ್ಲಿನ ಸಂಘದಲ್ಲಿ ನನ್ನವ್ವ ಇದ್ದಳು, ಅವಳ ಮನೆಯ ಹಿಂದಿನ ಕೋಣೆ ಯಾವ ಮಳೆಗೂ ಒದ್ದೆಯಾಗುತ್ತಿರಲಿಲ್ಲ. ಹೀಗೆ ನನ್ನ ಗಂಡನ ಊರಿನ ಆಪತ್ತಿನ ಊಟ ನನ್ನವ್ವನ ಕೋಣೆಗೆ ಹೋಗಿ ಕೂತಿತು.

ಇಟ್ಟದ್ದು ದೊಡ್ಡ ಪದಾರ್ಥವೇನಲ್ಲ. ಅವಲಕ್ಕಿ, ಹುರಿಗಡಲೆ, ಬೆಲ್ಲ, ಉಪ್ಪು, ಮತ್ತೆ ರಾಗಿ. ಹೊಳೆ ಏರುತ್ತಿದೆ ಅಂತ ಸುದ್ದಿ ಬಂದ ಕೂಡಲೇ ಆ ರಾಗಿಯನ್ನು ಅರಳು ಹುರಿದು, ಬೀಸಿ, ಹುರಿಹಿಟ್ಟು ಮಾಡಬೇಕು. ಹುರಿಹಿಟ್ಟಿಗೆ ಒಲೆ ಬೇಡ, ಪಾತ್ರೆ ಬೇಡ, ಬೆಲ್ಲದ ನೀರು ಸಿಕ್ಕರೆ ಅಂಗೈಯಲ್ಲೇ ಕಲಸಿ ತಿನ್ನಬಹುದು. ಎಲ್ಲವನ್ನೂ ತುಂಬುವುದಕ್ಕೆ ಬಿಗಿ ಮುಚ್ಚಳದ ನೀಲಿ ಡ್ರಮ್ಮುಗಳು. ಡ್ರಮ್ಮುಗಳೇ ಕಡಿಮೆ ಇದ್ದದ್ದರಿಂದ ಅವು ಒಂದೇ ಕಡೆ ಕೂರುವ ಹಾಗಿರಲಿಲ್ಲ. ಲಾರಿ ಅವುಗಳನ್ನು ನೆರೆ ಬಂದ ಊರಿನಲ್ಲಿ ಇಳಿಸಿ, ಬರಿದಾದವನ್ನು ಹಾಸನಕ್ಕೆ ಒಯ್ಯಬೇಕು. ಹಾಸನದಿಂದ ಅವು ಬಸ್ಸಿನ ಮೇಲೆ ತಮ್ಮನ್ನು ತುಂಬಿಸಿ ಕಳಿಸಿದ ಊರಿಗೆ ಹೋಗಬೇಕು.

ನೆರೆ ಬಂದಾಗ ಫೋನು ಸತ್ತು ಹೋಗುತ್ತದೆ, ಬಾಯಿಮಾತಿನ ಸುದ್ದಿ ಊರು ದಾಟುವಷ್ಟರಲ್ಲಿ ಬೇರೆಯೇ ಆಗಿರುತ್ತದೆ ಅಂತ ಸಾಹೇಬರು ಒಂದು ನಿಯಮ ಮಾಡಿದ್ದರು. ಡ್ರಮ್ಮು ಖಾಲಿ ಬಂದರೆ ಆ ಊರಿಗೆ ಇನ್ನೂ ಬೇಕು ಅಂತ ಅರ್ಥ, ತುಂಬಿಸಿ ಕಳಿಸಿ. ಒಳಗೆ ಏನಾದರೂ ಮಿಕ್ಕಿದ್ದರೆ ಅಲ್ಲಿಗೆ ಸಾಕಾಗಿದೆ ಅಂತ ಅರ್ಥ, ಮುಂದಿನ ಲೋಡನ್ನು ಬೇರೆ ಊರಿಗೆ ತಿರುಗಿಸಿ. ಇದಕ್ಕಿಂತ ಸುಲಭದ ನಿಯಮ ಇರುವುದಕ್ಕೇ ಸಾಧ್ಯವಿಲ್ಲ ಅನ್ನಿಸಿತ್ತು. ಎಲ್ಲರೂ ತಲೆಯಾಡಿಸಿದೆವು. ನಾನು ಲೆಕ್ಕದ ಟೀಚರು, ಉಳಿದವರಿಗಿಂತ ಜೋರಾಗಿ ಆಡಿಸಿದೆ.

ಮುಂದೆ ಒಂದು ಆಷಾಢದಲ್ಲಿ ಹೊಳೆ ಮತ್ತೆ ಬಂತು. ನಮ್ಮ ಬೀದಿಯವರೆಲ್ಲ ದಿಬ್ಬದ ಮೇಲಿನ ಶಾಲೆಗೆ ಸೇರಿಕೊಂಡೆವು. ನಾನು ದಿನವೂ ಪಾಠ ಹೇಳುವ ಕೊಠಡಿಯಲ್ಲೇ ನಮ್ಮ ಸಂಸಾರ, ಪಕ್ಕದವರ ಸಂಸಾರ, ಒಂದು ಕರು. ನನ್ನ ನಾದಿನಿ ಬಾಣಂತನಕ್ಕೆ ಅಂತ ತವರಿಗೆ ಬಂದಿದ್ದಳು. ಅವಳ ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಕಪ್ಪು ಹಲಗೆಯ ಕೆಳಗೆ ಬೆಂಚು ಜೋಡಿಸಿ ಅವಳನ್ನು ಮಲಗಿಸಿ, ಅತ್ತೆಯ ಎರಡು ಸೀರೆಗಳನ್ನು ಅಡ್ಡ ಕಟ್ಟಿದೆವು.

ಮೊದಲ ಲೋಡು ಬೇಗ ಬಂತು. ಲಾರಿಯವನು ಶಾಂತಿಗ್ರಾಮದ ಕಡೆಯವನು. ಡ್ರಮ್ಮಿಳಿಸುತ್ತ, ನಿಮ್ಮವ್ವ ಬೀದಿ ಹೆಂಗಸರನ್ನೆಲ್ಲ ಕೂರಿಸಿಕೊಂಡು ರಾಗಿ ಹುರಿಸಿದಳು ಅಂತ ಹೇಳಿದ. ಮುಚ್ಚಳ ತೆಗೆದಾಗ ಹುರಿಹಿಟ್ಟಿನ ಘಮ ಕೊಠಡಿಯ ಮುಗ್ಗಲು ವಾಸನೆಯನ್ನೆಲ್ಲ ಓಡಿಸಿತು. ನನಗೆ ಹೆಮ್ಮೆಯೋ ಹೆಮ್ಮೆ. ತವರಿನ ಪದಾರ್ಥವನ್ನು ಊರೆಲ್ಲ ನೆಕ್ಕಿಕೊಂಡು ತಿನ್ನುವಾಗ ಯಾವ ಹೆಣ್ಣಿಗೆ ತಲೆ ನಿಲ್ಲುತ್ತದೆ? ನಾದಿನಿ ಬಿಸಿನೀರಿಗೆ ಬೆಲ್ಲ ಹಾಕಿ ಕಲಸಿಕೊಂಡು ಎರಡು ಹೊತ್ತೂ ಅದನ್ನೇ ತಿಂದಳು. ಕೂಸು ಹೊಟ್ಟೆ ತುಂಬ ಕುಡಿದು ನಿದ್ದೆ ಮಾಡಿತು.

ಲಾರಿ ತಿರುಗಿ ಹೊರಡುವಾಗ ಬರಿದಾದ ಡ್ರಮ್ಮುಗಳನ್ನು ಅತ್ತೆಯೇ ತೊಳೆದು ಒರೆಸಿದರು. ಒಂದನ್ನು ಮಾತ್ರ ಕುಡಿಯುವ ನೀರಿಗೆ ಇಟ್ಟುಕೊಂಡೆವು. ಆಮೇಲೆ ಅವರು ಒಂದೊಂದು ಡ್ರಮ್ಮಿಗೂ ಒಂದು ಹಿಡಿ ಹುರಿಗಡಲೆ, ಒಂದು ಚೂರು ಬೆಲ್ಲ ಹಾಕಿ ಮುಚ್ಚಳ ಬಿಗಿದರು. ನಮ್ಮ ಕಡೆ ಬಂದ ಪಾತ್ರೆಯನ್ನು ಯಾರೂ ಬರಿದೇ ಹಿಂದಿರುಗಿಸುವುದಿಲ್ಲ. ಮಜ್ಜಿಗೆ ತಂದ ಚೊಂಬಿಗೆ ಒಂದು ಬದನೆಕಾಯಾದರೂ ಬಿದ್ದೇ ಬೀಳುತ್ತದೆ. ಅದರಲ್ಲೂ ಇದು ಬೀಗರ ಮನೆಗೆ ಹೋಗುವ ಡ್ರಮ್ಮು. ಅತ್ತೆ ಹಾಕಿದ್ದನ್ನು ಕೊಠಡಿಯಲ್ಲಿದ್ದವರೆಲ್ಲ ನೋಡಿದರು, ಯಾರಿಗೂ ಏನೂ ಅನ್ನಿಸಲಿಲ್ಲ.

ಆಮೇಲೆ ಲಾರಿ ಬರಲಿಲ್ಲ.

ಮೊದಲ ದಿನ ನಾವು ಅದನ್ನು ತಮಾಷೆಗೆ ತೆಗೆದುಕೊಂಡೆವು. ಮರುದಿನ ದಾರಿಯ ಮೇಲೆ ಮರ ಬಿದ್ದಿರಬೇಕು ಅಂತ ನನ್ನ ಗಂಡ ಹೇಳಿದರು. ದಾರಿಯಲ್ಲಿ ಬಸ್ಸು ಓಡಾಡುವುದು ಕಿಟಕಿಯಿಂದ ಕಾಣುತ್ತಿತ್ತು. ಮಿಕ್ಕಿದ್ದ ಅವಲಕ್ಕಿಯನ್ನು ಮಕ್ಕಳಿಗೆ ಹಂಚಿ, ದೊಡ್ಡವರು ನೀರು ಕುಡಿದೆವು. ಅತ್ತೆ ತಮ್ಮ ಪಾಲನ್ನು ಮಗಳಿಗೆ ಹಾಕಿ, ನನಗೆ ಹಸಿವಿಲ್ಲ ಅನ್ನುತ್ತಿದ್ದರು. ಆದರೂ ನಾದಿನಿಗೆ ಹಾಲು ಕಡಿಮೆಯಾಗುತ್ತ ಬಂತು. ಕೂಸು ಎದೆ ಕಚ್ಚಿ, ಬಿಟ್ಟು, ಮುಖ ಕೆಂಪಗೆ ಮಾಡಿಕೊಂಡು ಅಳುವುದು. ಅವಳು ನಾಚಿಕೆಯಿಂದ ಗೋಡೆ ಕಡೆ ತಿರುಗಿಕೊಳ್ಳುವುದು. ಅವಳಿಗೆ ಯಾಕೆ ನಾಚಿಕೆ ಅಂತ ನನಗೆ ಸಿಟ್ಟು. ಊರಲ್ಲಿ ಮಾರುವ ಹಾಲಿರಲಿಲ್ಲ, ಕರುವಿನ ತಾಯಿ ನೀರಿನಲ್ಲಿ ಎತ್ತ ಹೋಯಿತೋ ಗೊತ್ತಿರಲಿಲ್ಲ.

ಪಕ್ಕದ ಮನೆಯಾಕೆ ನನಗೆ ಕೇಳುವ ಹಾಗೆ, ಚನ್ನರಾಯಪಟ್ಟಣದವರ ಕೈ ಸ್ವಲ್ಪ ಬಿಗಿ ಅಂತ ಮೊದಲಿಂದ ಕೇಳಿದ್ದೆ ಅಂದಳು. ಅತ್ತೆ ಅವಳನ್ನು ಗದರಿದರು, ಆದರೆ ನನ್ನ ಮುಖ ನೋಡಲಿಲ್ಲ. ಅದೇ ನನಗೆ ಚುಚ್ಚಿದ್ದು. ಅವ್ವ ಏನು ಮಾಡುತ್ತಿದ್ದಾಳೆ? ಕೋಣೆ ತುಂಬ ದವಸ ಇಟ್ಟುಕೊಂಡು, ಮಗಳು ನೀರಿನ ಮಧ್ಯೆ ಕೂತಿದ್ದಾಳೆ ಅಂತ ತಿಳಿದೂ ಸುಮ್ಮನಿದ್ದಾಳೆಯೆ? ಕಾಯಿಲೆ ಬಿದ್ದಳೋ? ಸಂಘದಲ್ಲಿ ಜಗಳವಾಯಿತೋ? ನನ್ನ ಮೇಲೆ ಏನಾದರೂ ಮುನಿಸೋ? ಹಿಂದಿನ ಯುಗಾದಿಗೆ ನಾನು ತವರಿಗೆ ಹೋಗಿರಲಿಲ್ಲ. ಹೊಳೆ ಬಂದಿರುವಾಗ ಯುಗಾದಿ ಮುನಿಸನ್ನು ಹುಡುಕುತ್ತ ಕೂತವಳು ನಾನೊಬ್ಬಳೇ ಇರಬೇಕು.

ಕಡೆಗೆ ಒಂದು ಬೆಳಿಗ್ಗೆ ಅದೇ ಲಾರಿ ಬಂತು. ಮಕ್ಕಳೆಲ್ಲ ಕೆಸರಿನಲ್ಲಿ ಓಡಿದರು. ಹಿಂದೆ ನೀಲಿ ಡ್ರಮ್ಮುಗಳು ತುಂಬಿ ನಿಂತಿದ್ದವು. ಲಾರಿಯವನು ಇಳಿದು, ಡ್ರಮ್ಮಿಗೆ ಕೈ ಹಾಕದೆ, ಕುಡಿಯಲು ನೀರು ಕೇಳಿದ. ಲೋಡು ಅರಕಲಗೂಡಿಗಂತೆ. ಕಾವೇರಿ ಕಡೆಯೂ ನೀರು ಏರಿದೆಯಂತೆ. ಇಲ್ಲಿ ಬಿಟ್ಟು ಹೋಗಿದ್ದ ಒಂದು ಡ್ರಮ್ಮನ್ನು ಒಯ್ಯಲು ಬಂದಿದ್ದನಂತೆ.

ನಮಗೆ ಯಾಕಿಲ್ಲ ಅಂತ ನಾನು ಕೇಳಿದ್ದು ಜಗಳದ ದನಿಯಲ್ಲೇ ಇದ್ದಿರಬೇಕು. ಅವನು ಒಂದು ಹೆಜ್ಜೆ ಹಿಂದೆ ಸರಿದ.

“ನಿಮ್ ಡ್ರಮ್ಮಲ್ಲಿ ಮಿಕ್ಕಿತ್ತಂತಲ್ಲ ಮೇಡಂ. ಒಂದೂ ಖಾಲಿ ಇರ್ನಿಲ್ವಂತೆ. ಅದ್ಕೇ ಅರಕಲಗೂಡಿಗೆ ತಿರುಗ್ಸವ್ರೆ.”

ನಾನು ಅತ್ತೆಯ ಮುಖ ನೋಡಿದೆ, ಅತ್ತೆ ನನ್ನ ಮುಖ ನೋಡಿದರು.  ಸಾಹೇಬರ ನಿಯಮ ನನಗೆ ಬಾಯಿಪಾಠ ಬರುತ್ತಿತ್ತು, ಹಿಡಿ ಹುರಿಗಡಲೆಯನ್ನು ಕಣ್ಣಾರೆ ಕಂಡಿದ್ದೆ. ಎರಡನ್ನೂ ಒಂದೇ ತಲೆಯಲ್ಲಿಟ್ಟುಕೊಂಡು ಒಂದಕ್ಕೊಂದು ತಾಗಿಸಿರಲಿಲ್ಲ, ಅಷ್ಟೇ. ನಿಯಮ ಮಾಡಿದ ಆ ಸಭೆಗೆ ನಾವು ತಿಂಡಿ ಒಯ್ದಿದ್ದ ಡಬ್ಬಿಗಳನ್ನೂ ಹಾಸನದ ಹೆಂಗಸರು ಕೋಡುಬಳೆ ತುಂಬಿಸಿಯೇ ವಾಪಸು ಕೊಟ್ಟಿದ್ದರು ಅಂತ ಆಗ ನೆನಪಾಯಿತು. ನಗು ಬಂತು. ಅಷ್ಟರಲ್ಲಿ ಒಳಗಿಂದ ಕೂಸು ಅತ್ತಿತು.

ಲಾರಿಯವನು ಒಳ್ಳೆಯವನು. ಅಳು ಕೇಳಿ, ಒಂದು ಡ್ರಮ್ಮು ಇಲ್ಲೇ ಇಳಿಸಿಬಿಡುತ್ತೇನೆ, ಕೇಳಿದರೆ ಏನಾದರೂ ಹೇಳಿಕೊಳ್ಳುತ್ತೇನೆ ಅಂದ. ನಾನು ಕೈ ಚಾಚಿದೆ. ಅತ್ತೆ ಬೇಡವೆಂದರು. ಅರಕಲಗೂಡಿನಲ್ಲೂ ಬಾಣಂತಿಯರು ಇರುತ್ತಾರೆ ಅಂದರು. ಬಹಳ ಹೇಳಿದ ಮೇಲೆ ಮಗಳಿಗೆ ಅಂತ ಒಂದು ಬೊಗಸೆ ಹಿಟ್ಟು ಸೆರಗಿಗೆ ಹಾಕಿಸಿಕೊಂಡರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅವರ ಕಾಲಿಗೆ ಬೀಳಬೇಕು ಅಂತಲೂ ಅನ್ನಿಸಿತು. ಯಾವುದು ಸರಿ ಅಂತ ಈಗಲೂ ಗೊತ್ತಿಲ್ಲ.

ಇನ್ನು ಉಳಿದದ್ದು ನೀರಿನ ಡ್ರಮ್ಮು. ಅದು ಅರಕಲಗೂಡು ಸುತ್ತಿ ಹಾಸನ ಸೇರಿ, ಅಲ್ಲಿಂದ ಬಸ್ಸಿನ ಮೇಲೆ ಅವ್ವನ ಮನೆಗೆ ಹೋಗುವಂಥದ್ದು. ನಾನು ನೀರು ಚೆಲ್ಲಿ ಬೋರಲು ಹಾಕಿದೆ. ಅತ್ತೆ ಸೊಂಟದ ಎಲೆಅಡಿಕೆ ಚೀಲಕ್ಕೆ ಕೈ ಹಾಕುವುದು ಕಂಡಿತು. ನಾನು ಆ ಕೈ ಹಿಡಿದುಕೊಂಡೆ. ಒಂದು ಅಡಿಕೆ ಹೋಳು ಕಣೇ, ಅಡಿಕೆಯಲ್ಲಿ ಯಾರ ಹೊಟ್ಟೆ ತುಂಬುತ್ತದೆ ಅಂದರು. ಅಡಿಕೆಯೂ ಬೇಡ, ಎಲೆಯೂ ಬೇಡ, ಖಾಲಿ ಅಂದರೆ ಖಾಲಿಯೇ ಹೋಗಬೇಕು ಅಂದೆ. ಹಾಗಾದರೆ ಲಾರಿಯವನ ಕೈಲಿ ಬಾಯಿಮಾತು ಹೇಳಿ ಕಳಿಸೋಣ ಅಂದಾಗ ಅತ್ತೆ ಅದಕ್ಕೂ ಒಪ್ಪಲಿಲ್ಲ.

“ಬೀಗ್ರ ಮನೇಗೆ ಉಣ್ಣಕ್ಕಿಲ್ಲ ಅಂತ ಯೋಳಿ ಕಳ್ಸೀಯೇನೇ? ನನ್ ಜೀವ ಇರಗಂಟ ಆ ಮಾತು ಈ ಮನೆಯಿಂದ ಓಗಬಾರ್ದು.”

ಸರಿ, ಡ್ರಮ್ಮೇ ಹೇಳಲಿ, ನಿಯಮ ಇರುವುದೇ ಅದಕ್ಕೆ ಅಂದೆ. ಮುಚ್ಚಳವನ್ನು ನಾನೇ ಬಿಗಿದೆ. ಲಾರಿ ಹೊರಡುವಾಗ ಅತ್ತೆ ಆ ಕಡೆ ನೋಡದೆ ಒಳಗೆ ಹೋದರು.

ಅರಕಲಗೂಡಿನವರೂ ನಮಗಿಂತ ಜಾಣರಾಗಿರಲಿಲ್ಲ ಅಂತ ಆಮೇಲೆ ತಿಳಿಯಿತು. ಅವರ ಡ್ರಮ್ಮುಗಳೂ ಹಿಡಿ ಅವಲಕ್ಕಿ, ವೀಳ್ಯದೆಲೆ ಹೊತ್ತುಕೊಂಡೇ ಹಾಸನ ಸೇರಿದ್ದವು. ಹಾಸನದಲ್ಲಿ ಸಾಹೇಬರು ಆ ಡ್ರಮ್ಮುಗಳ ಮಧ್ಯೆ ನಿಂತು, ನೆರೆ ಬಂದ ಊರುಗಳಲ್ಲಿ ಇಷ್ಟೊಂದು ಹೇಗೆ ಮಿಗುತ್ತದೆ ಅಂತ ತಲೆ ಕೆರೆದುಕೊಂಡರಂತೆ. ಮುಂದೆ ನಿಯಮ ತಿದ್ದುವುದಕ್ಕೆ ಎಷ್ಟೋ ಸಭೆಗಳಾದವು. ಇನ್ನೂ ಬೇಕಾದ ಊರಿನವರು ಹಿಡಿಕೆಗೆ ಕೆಂಪು ದಾರ ಕಟ್ಟಿ ಅಂತ ಒಮ್ಮೆ ತೀರ್ಮಾನವಾಯಿತು. ಎರಡು ಸಾವಿರದ ಇಸವಿಯ ಆಚೆಗೆ ನಾನು ನೋಡಿದಾಗ ಎಲ್ಲ ಊರಿನ ಡ್ರಮ್ಮಿಗೂ ದಾರ ಇತ್ತು. ಅರಿಸಿನ ಕುಂಕುಮವೂ ಇತ್ತು. ಅದರ ಅರ್ಥ ಕೇಳುವ ಧೈರ್ಯ ನಾನು ಮಾಡಲಿಲ್ಲ.

ಖಾಲಿ ಡ್ರಮ್ಮು ಹೋದ ಮರುದಿನ ಮಧ್ಯಾಹ್ನ ಶಾಲೆಯ ಮುಂದೆ ಒಂದು ಬಾಡಿಗೆ ಟೆಂಪೊ ನಿಂತಿತು. ತುಂಬಿದ ಡ್ರಮ್ಮುಗಳು. ಡ್ರೈವರ್ ಪಕ್ಕದಲ್ಲಿ ನನ್ನವ್ವ. ನನಗೆ ಹಾರಿ ಹೋಗುವಷ್ಟು ಖುಷಿ. ಆದರೆ ಅವ್ವ ಇಳಿದು ಬಂದ ರೀತಿ ಸರಿಯಾಗಿರಲಿಲ್ಲ. ತಲೆ ಕೆದರಿತ್ತು, ಕಣ್ಣು ಊದಿತ್ತು, ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು. ನನ್ನ ಎರಡು ಭುಜ ಹಿಡಿದು ಮುಖ ಸವರಿದಳು. ನನ್ನ ಗಂಡನನ್ನು ಹುಡುಕಿ ನೋಡಿದಳು.  ಅಳು ನಿಲ್ಲಲಿಲ್ಲ. ಹಸಿದವರು ನಾವು, ಇವಳು ಯಾಕೆ ಅಳುತ್ತಾಳೆ ಅಂತ ನನಗೆ ತಿಳಿಯಲಿಲ್ಲ.

ಅವ್ವ ಅತ್ತೆಯ ಮುಂದೆ ಹೋಗಿ ನಿಂತು ಎರಡೂ ಕೈ ಹಿಡಿದುಕೊಂಡಳು.

“ಯಾರ್ ಓದ್ರು ಬೀಗ್ರೇ? ಬಾಣಂತಿಯಾ, ಕೂಸಾ?”

ಆಗ ಅತ್ತೆಗೆ ತಿಳಿಯಿತು. ಅವರ ಮುಖ ನೋಡಿದ ಮೇಲೆ ನನಗೂ ತಿಳಿಯಿತು. ಪಾತ್ರೆ ಬರಿದೇ ಹೋಗುವುದು ಸೂತಕದ ಮನೆಯಿಂದ ಮಾತ್ರ. ಸಾವಾದ ಮನೆಯವರು ಯಾರಿಗೂ ಏನೂ ಹಾಕಿ ಕಳಿಸುವ ಹಾಗಿಲ್ಲ. ಬಸ್ಸಿನ ಮೇಲಿಂದ ಇಳಿದ ಡ್ರಮ್ಮಿನ ಮುಚ್ಚಳ ತೆಗೆದು, ಒಳಗೆ ಕೈಯಾಡಿಸಿ, ಒಂದು ಕಾಳೂ ಸಿಗದೆ, ನನ್ನವ್ವ ಸಾಹೇಬರ ನಿಯಮವನ್ನು ನೆನೆಯಲೇ ಇಲ್ಲ. ಬೀದಿಯವರೂ ನೆನೆಯಲಿಲ್ಲ. ಎಲ್ಲರೂ ಸೇರಿ, ಸಾವಿನ ಮನೆಯಲ್ಲಿ ಒಲೆ ಹತ್ತಿರುವುದಿಲ್ಲ ಅಂತ ಡ್ರಮ್ಮು ತುಂಬಿಸಿ ಅವಳನ್ನು ಟೆಂಪೊ ಹತ್ತಿಸಿದ್ದರು.

 ಜೀವ ಇರುವ ತನಕ ಬೇಡ ಅಂದಿದ್ದ ಆ ಮಾತು ಆಡುವುದಕ್ಕಿಂತ ಹೊಳೆಗೆ ಇಳಿಯುವುದು ಅತ್ತೆಗೆ ಸುಲಭವಾಗಿತ್ತು. ಸುತ್ತ ಬೀದಿಯವರೆಲ್ಲ ನಿಂತಿದ್ದರು.

“ಯಾರೂ ಓಗಿಲ್ಲ ಕಣವ್ವ,” ಅತ್ತೆ ಅಂದರು. “ಉಣ್ಣಕ್ಕಿರ್ನಿಲ್ಲ. ಅಷ್ಟೇಯ.”

 ಅವ್ವ ಅಡ್ಡ ಕಟ್ಟಿದ ಸೀರೆ ಸರಿಸಿ ಒಳಗೆ ಹೋದಳು. ನಾದಿನಿ ಎದ್ದು ಕೂತಳು. ಅವ್ವ ಕೂಸಿನ ಅಂಗಾಲು ಮುಟ್ಟಿ ಬೆಚ್ಚಗಿದೆ ಅಂತ ಖಾತ್ರಿ ಮಾಡಿಕೊಂಡು, ಅಲ್ಲೇ ನೆಲಕ್ಕೆ ಕುಸಿದು ಇನ್ನೊಂದು ಸಲ ಅತ್ತಳು. ಅತ್ತೆ ಪಕ್ಕದಲ್ಲಿ ಬಂದು ಕೂತರು.  ಅವ್ವ ಹುರಿಹಿಟ್ಟು ಕಲಸಿ ಮೊದಲ ತುತ್ತನ್ನು ಬಾಣಂತಿಗೆ ಕೊಟ್ಟಳು. ಎರಡನೆಯದನ್ನು ಅತ್ತೆಯ ಬಾಯಿಗೆ ಹಿಡಿದಳು, ಅತ್ತೆ ಎಲ್ಲರ ಎದುರಿಗೆ ಬಾಯಿ ತೆರೆದರು.