ಮುದ್ದಕ್ಕನ ತವರಿನ ಕೋಳಿಗಳು

ನಮ್ಮ ಬೀದಿಯಲ್ಲಿ ಮುದ್ದಕ್ಕನ ಜೊತೆ ಜಗಳ ಆಡದವರು ಇಬ್ಬರೇ. ಒಬ್ಬ ಅವಳ ಗಂಡ ಪಾಪಣ್ಣ, ಇನ್ನೊಬ್ಬಳು ನಾನು. ಪಾಪಣ್ಣನಿಗೆ ಧೈರ್ಯವಿಲ್ಲ, ನನಗೆ ಪುರುಸೊತ್ತಿಲ್ಲ. ನಾನು ಅವಳ ಎದುರು ಮನೆಯಲ್ಲಿ ರವಿಕೆ ಹೊಲಿಯುವವಳು. ಮೆಷಿನ್ನು ಕಿಟಕಿಗೆ ಅಂಟಿಕೊಂಡೇ ಇದೆ, ಹಾಗಾಗಿ ಬೀದಿಯಲ್ಲಿ ನಡೆಯುವುದೆಲ್ಲ ಕಣ್ಣಿಗೆ ಬೀಳುತ್ತದೆ. ನೋಡಬೇಕೆಂದು ನೋಡುವುದಲ್ಲ. ಬೆಳಕು ಆ ಕಡೆಯಿಂದಲೇ ಬರುತ್ತದೆ, ಏನು ಮಾಡಲಿ?

ಮುದ್ದಕ್ಕ ಬೆಳಿಗ್ಗೆ ಎಂಟೂವರೆಗೆ ಬಬ್ಬೂರಿನ ಫಾರಂಗೆ ಕೂಲಿಗೆ ಹೋದರೆ ವಾಪಸ್ಸು ಬರುವುದು ಸಂಜೆ ಐದಕ್ಕೆ. ಬಂದವಳು ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ ಹಿತ್ತಲಿಗೆ ಹೋಗಿ ಕೋಳಿಗಳನ್ನು ನೋಡಬೇಕು. ಇಪ್ಪತ್ತಾರು ವರ್ಷದ ಹಿಂದೆ ಮದುವೆಯಾಗಿ ತವರೂರು ತಾಳ್ಯದಿಂದ ಹೊರಟಾಗ, ಅವಳ ಅವ್ವ ತಿಪ್ಪಕ್ಕ ಒಂದು ಕೆಂಪು ಹ್ಯಾಟೆಕೋಳಿಯನ್ನು ಬುಟ್ಟಿಯೊಳಗೆ ಕೂರಿಸಿ, ಮೇಲೊಂದು ಹಳೇ ಸೀರೆ ಕಟ್ಟಿ ಕೊಟ್ಟಿದ್ದಳಂತೆ. ಚಿತ್ರದುರ್ಗದಲ್ಲಿ ಬಸ್ಸು ಬದಲಿಸುವಾಗ ಬುಟ್ಟಿ ಹೊತ್ತವನು ಮದುಮಗ ಪಾಪಣ್ಣ. ಅವನ ಹೊಸ ಅಂಗಿಯ ಗತಿ ಏನಾಯಿತೆಂದು ಅವನು ಇವತ್ತಿಗೂ ಹೇಳುವುದಿಲ್ಲ.

ಆ ಹ್ಯಾಟೆಯ ಮಕ್ಕಳು, ಮರಿಮಕ್ಕಳೇ ಈಗಲೂ ಹಿತ್ತಲಲ್ಲಿ ಕೆದರುತ್ತಿರುವುದು. ಹೊರಗಿನ ಒಂದು ಹ್ಯಾಟೆಯನ್ನೂ ಮುದ್ದಕ್ಕ ಕೊಂಡವಳಲ್ಲ. ತಿಪ್ಪಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು. ತಾಳ್ಯದಲ್ಲಿ ಈಗ "ಬಾರವ್ವ" ಅನ್ನಲು ಯಾರೂ ಇಲ್ಲ. ಅವಳಿಗೆ ಉಳಿದ ತವರು ಅಂದರೆ ಈ ಕೋಳಿಗಳೇ. ಅದಕ್ಕೇ ಅವುಗಳನ್ನು ಕರೆಯುವುದೂ ತವರಿನ ವರಸೆಯಲ್ಲೇ: ಹ್ಯಾಟೆಗಳು ದೊಡ್ಡಮ್ಮ, ಚಿಕ್ಕಮ್ಮ, ಅತ್ತಿಗೆ, ಅಜ್ಜಿ. ಐದು ಹುಂಜಗಳು ಒಟ್ಟಾಗಿ ಮಾವಂದಿರು. ಮಾವಂದಿರನ್ನು ಯುಗಾದಿ ಮಾರನೆಯ ಹೊಸತೊಡಕಿನ ದಿನ ಸಾರು ಮಾಡಲು ಅವಳಿಗೇನೂ ಸಂಕೋಚವಿಲ್ಲ.

ಪಕ್ಕದ ಮನೆಯವರು ದಿನಸಿ ವ್ಯಾಪಾರದ ಪಂಚಾಕ್ಷರಪ್ಪ ಮತ್ತು ವೀರಮ್ಮ. ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಮನೆ. ಅವರ ಹಿತ್ತಲಿನ ಕೊಟ್ಟಿಗೆಯಲ್ಲಿ ಗೌರಿ ಎಂಬ ಹಸು ಇತ್ತು. ಅದು ಬೂಸಾ ತಿನ್ನುತ್ತಾ ತಲೆ ಕೊಡವಿದರೆ ಕೊರಳಿನ ಕಂಚಿನ ಗಂಟೆ ಢಣಢಣ ಅನ್ನುತ್ತಿತ್ತು, ಬೂಸಾ ಅತ್ತಿತ್ತ ಚೆಲ್ಲುತ್ತಿತ್ತು. ಸದ್ದು ಕೇಳಿದ್ದೇ ತಡ, ಮುದ್ದಕ್ಕನ ಬಂಧುಬಳಗವೆಲ್ಲ ಮೋಟುಗೋಡೆ ಹಾರಿ ಊಟಕ್ಕೆ ಹಾಜರು. ಸಂಕ್ರಾಂತಿಯ ಹೊತ್ತಿಗೆ ವೀರಮ್ಮನ ಮಂಡಿ ಕೈಕೊಟ್ಟಿತು. ಹಸುವನ್ನು ಹೊಸದುರ್ಗದ ತಂಗಿಯ ಮನೆಗೆ ಕಳಿಸಿದರು. ಗಂಟೆ ಮೊಳೆಗೆ ಏರಿತು. ಖಾಲಿ ಕೊಟ್ಟಿಗೆ ನೋಡಲಾಗದೆ ಪಂಚಾಕ್ಷರಪ್ಪ ಒಂದು ನಾಯಿ ತಂದರು. ಹೆಸರು ಮೇಜರ್.

ಮೇಜರ್ ಬಂದ ಒಂದು ತಿಂಗಳಲ್ಲಿ ಅಜ್ಜಿ ಹೋದಳು, ಅತ್ತಿಗೆ ಹೋದಳು. ಚಿಕ್ಕಮ್ಮ ಹೋದ ದಿನ ಮುದ್ದಕ್ಕ ಕುಡುಗೋಲು ಹಿಡಿದೇ ಪಂಚಾಕ್ಷರಪ್ಪನವರ ಜಗಲಿ ಹತ್ತಿದಳು.

"ಯಜಮಾನ್ರೇ, ನಿಮ್ಮ ನಾಯಿ ನಮ್ಮ ಚಿಕ್ಕಮ್ಮನ್ನ ತಿಂದೈತೆ!"

ಬೀದಿಯಲ್ಲಿ ಗ್ಯಾಸ್ ಸಿಲಿಂಡರ್ ಹೊತ್ತು ಹೋಗುತ್ತಿದ್ದವನು ಅದನ್ನು ಅಲ್ಲೇ ಇಳಿಸಿ ನಿಂತುಬಿಟ್ಟ.

"ನಮ್ಮ ಮೇಜರ್ ಅಂಥೋನಲ್ಲ ಕಣವ್ವ," ಅಂದರು ಪಂಚಾಕ್ಷರಪ್ಪ. "ರಾಗಿಮುದ್ದೆ, ಮಜ್ಜಿಗೆ ಬಿಟ್ಟು ಬ್ಯಾರೆ ಮುಟ್ಟಲ್ಲ. ಸೋಮವಾರ ಒಪ್ಪತ್ತು ಮಾಡ್ತಾನೆ."

ಒಪ್ಪತ್ತು ಮಾಡುತ್ತಿದ್ದದ್ದು ನಿಜ. ಇನ್ನೊಂದು ಹೊತ್ತಿನದು ಎಲ್ಲಿ ಆಗುತ್ತಿತ್ತು ಎಂಬುದೇ ಪ್ರಶ್ನೆ.

ಈಗ ಹ್ಯಾಟೆ ಅಂತ ಉಳಿದದ್ದು ದೊಡ್ಡಮ್ಮ ಒಬ್ಬಳೇ. ಐದು ಜನ ಮಾವಂದಿರಿಂದ ವಂಶ ಬೆಳೆಯುತ್ತದೆಯೇ? ದೊಡ್ಡಮ್ಮ ಹೋದರೆ ತಿಪ್ಪಕ್ಕ ಕೊಟ್ಟ ಬುಟ್ಟಿ ಅಲ್ಲಿಗೆ ಬರಿದಾದ ಹಾಗೆ. ಅವತ್ತು ಸಂಜೆ ಮುದ್ದಕ್ಕ ನನ್ನ ಮನೆಗೆ ಬಂದು ಚಹಾ ಕುಡಿಯದೆ ಕೂತಿದ್ದಳು. ಜಗಳಗಂಟಿ ಸುಮ್ಮನೆ ಕೂತರೆ ನೋಡಲು ಆಗುವುದಿಲ್ಲ.

ಮಾರನೇ ದಿನ ಅವಳು ರಂಗೋಲಿಯ ಗುಲಾಬಿ ಬಣ್ಣವನ್ನು ನೀರಿನಲ್ಲಿ ಕಲಸಿ ಆರೂ ಕೋಳಿಗಳಿಗೆ ಬಳಿದಳು. ಮರಿಗಳಿಗೆ ಬಣ್ಣ ಹಚ್ಚಿದರೆ ಹದ್ದು ಬರುವುದಿಲ್ಲ ಅನ್ನುತ್ತಾರಲ್ಲ, ನಾಯಿಗೂ ನಡೆಯಬಹುದು ಎಂಬ ಲೆಕ್ಕಾಚಾರ. ಮಧ್ಯಾಹ್ನದ ಹೊತ್ತಿಗೆ ದೊಡ್ಡಮ್ಮ ಅರ್ಧ ಬಾಲ ಕಳೆದುಕೊಂಡು ನುಗ್ಗೆಮರ ಹತ್ತಿದ್ದಳು. ಮೇಜರ್ ಮೂತಿಯೆಲ್ಲ ಗುಲಾಬಿ ಮಾಡಿಕೊಂಡು ಜಗಲಿಯ ಮೇಲೆ ಮಲಗಿದ್ದ.

"ಬೀಟ್‌ರೂಟ್ ಪಲ್ಯ ತಿಂದಿರ್ತಾನೆ," ಅಂದರು ಪಂಚಾಕ್ಷರಪ್ಪ.

"ನಾನು ಬೀಟ್‌ರೂಟ್ ಮಾಡಿ ತಿಂಗಳಾತು," ಅಂತ ಒಳಗಿನಿಂದ ವೀರಮ್ಮನ ದನಿ ಬಂತು.

ಮನುಷ್ಯ ಪಾಪ, ನಾಚಿಕೊಂಡುಬಿಟ್ಟರು. ನಾಯಿಯ ಹಲ್ಲಿನ ಸಂದಿಯಲ್ಲಿದ್ದ ಪುಕ್ಕವನ್ನು ತಾವೇ ತೆಗೆದರು, ಆಮೇಲೆ ಎರಡು ಸಲ ಸ್ನಾನ ಮಾಡಿದರು. ನಾಯಿಯನ್ನು ಕಟ್ಟಿ ನೋಡಿದರು. ಅದು ಇಡೀ ದಿನ ಊಳಿಟ್ಟಿತು, ಬೀದಿಯವರೆಲ್ಲ ಬಂದು ಬಿಚ್ಚಿರಿ ಅಂತ ಕೈಮುಗಿದರು. ಕೊನೆಗೆ ಪಂಚಾಕ್ಷರಪ್ಪನವರೇ ಉಪಾಯ ಹೇಳಿದರು: "ಇವನ ಕೊರಳಿಗೆ ಗಂಟೆ ಕಟ್ಟಾಣ. ಸದ್ದು ಕೇಳ್ತಲೇ ನಿಮ್ಮ ಕೋಳಿ ತಪ್ಪಿಸ್ಕಂತವೆ. ಗೌರಿ ಗಂಟೆ ಸುಮ್ನೆ ನೇತಾಡ್ತಾ ಐತೆ."

ಮುದ್ದಕ್ಕ ತಲೆ ಆಡಿಸಿದಳು. ವೀರಮ್ಮ ತಲೆ ಆಡಿಸಿದರು. ನಾನು ಹಳೇ ಜೀನ್ಸ್ ಪ್ಯಾಂಟಿನ ಪಟ್ಟಿ ಕತ್ತರಿಸಿ ಎರಡು ಹೊಲಿಗೆ ಹಾಕಿ ಕೊಟ್ಟೆ. ಇಷ್ಟು ಜನ ದೊಡ್ಡವರಲ್ಲಿ ಒಬ್ಬರಿಗೂ ಆ ಗಂಟೆಯ ಸದ್ದು ಕೋಳಿಗಳಿಗೆ ಏನು ಹೇಳುತ್ತದೆಂದು ನೆನಪಾಗಲಿಲ್ಲ. ಬುದ್ಧಿಗೇಡಿತನದಲ್ಲಿ ನಮ್ಮ ಬೀದಿಯಲ್ಲಿ ಜಾತಿಭೇದವಿಲ್ಲ.

ಭಾನುವಾರ ಬೆಳಿಗ್ಗೆ ಗಂಟೆ ಕಟ್ಟಿದರು. ಮುದ್ದಕ್ಕ ಮನೆಯಲ್ಲೇ ಇದ್ದಳು, ನಾನೂ ಅವಳ ಹಿತ್ತಲಲ್ಲೇ ನಿಂತಿದ್ದೆ. ಮೇಜರ್ ಮೋಟುಗೋಡೆ ಹಾರಿ ಈಚೆ ಬಂದ. ಢಣ್ ಅಂತು. ದೊಡ್ಡಮ್ಮ ಕತ್ತೆತ್ತಿದಳು. ಇನ್ನೊಮ್ಮೆ ಢಣ್ ಅಂತು. ಅಷ್ಟೇ, ಅರ್ಧ ಬಾಲದ ಮುದುಕಿ ರೆಕ್ಕೆ ಬಿಚ್ಚಿ ನಾಯಿಯ ಕಡೆಗೇ ಓಡಿದಳು.

"ಅಯ್ಯೋ ದೊಡ್ಡಮ್ಮಾ, ಆ ಕಡೆ ಅಲ್ಲ ಕಣೇ!" ಮುದ್ದಕ್ಕ ಕಿರುಚಿದಳು. ಅವಳ ಕೈಯಲ್ಲಿದ್ದ ಕೋಲು ಕೆಳಗೆ ಬಿತ್ತು.

ಮೇಜರ್ ಹುಟ್ಟಿದಾಗಿನಿಂದ ನೋಡಿದ್ದು ಓಡಿಹೋಗುವ ಕೋಳಿಗಳನ್ನು. ಓಡಿಬರುವ ಕೋಳಿ ಅವನಿಗೆ ಹೊಸದು. ದೊಡ್ಡಮ್ಮನ ಹಿಂದೆ ಐದು ಜನ ಗುಲಾಬಿ ಮಾವಂದಿರು. ಎಲ್ಲರೂ ಬಂದು ಅವನ ಕಾಲ ಬುಡದಲ್ಲಿ ಬೂಸಾ ಹುಡುಕಿದರು. ಬೂಸಾ ಇಲ್ಲ. ದೊಡ್ಡಮ್ಮ ಹಾರಿ ಅವನ ಮೂತಿಗೆ ಮೆತ್ತಿದ್ದ ಮುದ್ದೆಯನ್ನೇ ಕುಕ್ಕಿದಳು. ಮೇಜರ್ ಬೆದರಿ ಹಿಂದೆ ಸರಿದ. ಗಂಟೆ ಬಡಿಯಿತು. ಇವರಿಗೆ ಇನ್ನೂ ಹುರುಪು ಬಂತು. ಅವನು ಓಡಿದಷ್ಟೂ ಗಂಟೆ, ಗಂಟೆ ಬಡಿದಷ್ಟೂ ಕೋಳಿ.

ಗೋಡೆ ಹಾರಿ ಕೊಟ್ಟಿಗೆ, ಕೊಟ್ಟಿಗೆಯಿಂದ ಅಡುಗೆಮನೆ, ಅಲ್ಲಿಂದ ಸೀದಾ ದೇವರಮನೆ. ಒದ್ದೆ ಪಂಚೆಯಲ್ಲಿ ಪೂಜೆಗೆ ಕೂತಿದ್ದ ಪಂಚಾಕ್ಷರಪ್ಪನವರ ತೊಡೆಯ ಮೇಲೆ ಮೇಜರ್ ಹತ್ತಿ ಕೂತ. ಹಿಂದೆಯೇ ಮುದ್ದಕ್ಕನ ತವರು ಬಾಗಿಲಲ್ಲಿ ಬಂದು ನಿಂತಿತು.

"ಇವ್ರನ್ನ ಕರ್ಕಂಡು ಹೋಗವ್ವ!" ಅಂತ ಕೂಗಿದರು ಪಂಚಾಕ್ಷರಪ್ಪ. ನಾಯಿ ಅವರಿಗಿಂತ ಜೋರಾಗಿ ಕೂಗುತ್ತಿತ್ತು. ವೀರಮ್ಮ ಮಂಡಿ ನೋವು ಮರೆತು ನಗುತ್ತಾ ನೆಲದ ಮೇಲೆ ಕೂತುಬಿಟ್ಟಿದ್ದರು.

ಗಂಟೆಯನ್ನು ಅವತ್ತೇ ಬಿಚ್ಚಿದರು. ಆದರೆ ಮೇಜರ್ ಆಮೇಲೆ ಕೋಳಿಯ ನೆರಳು ಕಂಡರೂ ಎದ್ದು ಆಚೆ ಹೋಗುತ್ತಿದ್ದ. ಮುದ್ದಕ್ಕ ನಿಶ್ಚಿಂತಳಾದಳು. ಎರಡು ವಾರ ದೊಡ್ಡಮ್ಮನ ಮೊಟ್ಟೆ ಎಲ್ಲೂ ಸಿಗಲಿಲ್ಲ, ಒಂದು ಸಂಜೆ ದೊಡ್ಡಮ್ಮನೇ ಸಿಗಲಿಲ್ಲ. ಮುದ್ದಕ್ಕ ಮತ್ತೆ ಕುಡುಗೋಲು ಹಿಡಿದು ಪಕ್ಕದ ಮನೆಗೆ ನುಗ್ಗಿದಳು.

ಮೇಜರ್ ಕೊಟ್ಟಿಗೆಯ ಹೊರಗೆ ಕಲ್ಲಿನ ಮೇಲೆ ಮುದುಡಿ ಮಲಗಿದ್ದ. ಒಳಗೆ ಅವನ ಗೋಣಿಚೀಲದ ಮೇಲೆ ದೊಡ್ಡಮ್ಮ ಕಾವಿಗೆ ಕೂತಿದ್ದಳು. ಕೆಳಗೆ ಹನ್ನೊಂದು ಮೊಟ್ಟೆ. ಮುದ್ದಕ್ಕ ಕುಡುಗೋಲನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಎಬ್ಬಿಸಬ್ಯಾಡ ಬಿಡವ್ವ, ಬಾಣಂತನ ಇಲ್ಲೇ ಆಗ್ಲಿ," ಅಂದರು ವೀರಮ್ಮ. ಪಂಚಾಕ್ಷರಪ್ಪ ಮೊಟ್ಟೆಯ ಕಡೆ ನೋಡದೆ ಮುಖ ತಿರುಗಿಸಿಕೊಂಡೇ ದಿನಾ ಒಂದು ಬಟ್ಟಲು ನೀರು, ಒಂದು ಹಿಡಿ ನುಚ್ಚು ಇಟ್ಟು ಬರುತ್ತಿದ್ದರು.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಅವರು ಜಗಲಿಯ ಮೇಲೆ ನಿಂತು ಫಾರಂನಲ್ಲಿದ್ದ ಮುದ್ದಕ್ಕನಿಗೆ ಫೋನ್ ಮಾಡಿದರು. ಫೋನಿಲ್ಲದಿದ್ದರೂ ಅವಳಿಗೆ ಕೇಳುವಷ್ಟು ಜೋರು ದನಿ.

"ಮುದ್ದಕ್ಕ, ಕೆಲ್ಸ ಬಿಟ್ಟು ಬೇಗ ಬಾರವ್ವ. ನಿಮ್ಮ ತವರಿನೋರು ಬಂದವ್ರೆ. ಒಂಬತ್ತು ಜನ!"

ಮುದ್ದಕ್ಕ ಹನ್ನೊಂದು ಗಂಟೆಗೇ ಬಂದಳು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ. ತಿಪ್ಪಕ್ಕ ಸತ್ತ ದಿನ ಬಿಟ್ಟರೆ ಅವಳು ಅರ್ಧ ದಿನಕ್ಕೇ ಕೆಲಸ ಬಿಟ್ಟು ಬಂದದ್ದು ಅದೇ ಮೊದಲು.