ಹುಲಿಗೆವ್ವನ ಬೆರಳು

ಹುಲಿಗೆವ್ವ ಕೂತು ಉಂಡದ್ದನ್ನು ನಾನು ನೋಡಿಲ್ಲ. ಅಂಗೈಯಲ್ಲಿ ರೊಟ್ಟಿ, ರೊಟ್ಟಿಯ ಮೇಲೇ ಪಲ್ಯ, ಬಾಯಲ್ಲಿ ತುತ್ತು, ಕಾಲು ಮಾತ್ರ ಓಣಿಯಲ್ಲಿ. ಸಿದ್ದಾಪುರದ ನಮ್ಮ ಓಣಿಯ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಅವಳ ಊಟ ಮುಗಿದಿರುತ್ತಿತ್ತು. “ಒಂದ್ಗಳಿಗಿ ಕುಂತು ಉಣ್ಣಬಾರದೇನ ಆಯಿ?” ಎಂದರೆ, “ಕುಂತ್ರ ಮೈಯಾಗ ಇರುವಿ ಹರದಂಗ ಆಕ್ಕತಿ ಯವ್ವಾ. ಕಾಲ ಮ್ಯಾಲ ಕೂಸಿದ್ರಷ್ಟ ನಾ ಕುಂದ್ರಾಕಿ” ಎನ್ನುತ್ತಿದ್ದಳು.

ಅದು ನಿಜ. ಓಣಿಯ ಯಾವ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ನೀರೆರೆಯಲು ಅವಳೇ ಬರಬೇಕು. ಬಚ್ಚಲಲ್ಲಿ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಾಗ ಮಾತ್ರ ಆ ಕಾಲುಗಳು ಅಲುಗಾಡದೆ ಇರುತ್ತಿದ್ದವು. ನೀರು ಹೊಯ್ಯುವ ಮೊದಲು ಕೂಸಿನ ಬಾಯಿಗೆ ಬೆರಳು ಹಾಕಿ, ನಾಲಿಗೆ ತಿಕ್ಕಿ, ಅಂಗುಳವನ್ನು ಮೇಲಕ್ಕೆ ಒತ್ತುವಳು. ಹಾಗೆ ಒತ್ತದಿದ್ದರೆ ಕೂಸು ಸರಿಯಾಗಿ ಮೊಲೆ ಹಿಡಿಯುವುದಿಲ್ಲ ಎಂಬುದು ಅವಳ ನಂಬಿಕೆ, ಓಣಿಯದೂ. ನನ್ನ ಅಂಗುಳ ಒತ್ತಿದವಳೂ ಅವಳೇ. ನಾನು ಎದುರು ಮಾತಾಡಿದಾಗೆಲ್ಲ, “ನಿನ್ನ ಬಾಯಿ ತಿದ್ದಿದಾಕಿ ನಾನ. ತಿದ್ದಿದ್ದು ಹೆಚ್ಚಾತು ನೋಡು” ಎಂದು ಛೇಡಿಸುವಳು.

ಕರುಗಳಿಗೂ ಅವಳೇ ಬೇಕಿತ್ತು. ಹುಟ್ಟಿದ ಕರು ಕೆಚ್ಚಲಿಗೆ ಬಾಯಿ ಹಾಕದಿದ್ದರೆ, ಅದರ ಬಾಯಲ್ಲಿ ಬೆರಳಿಟ್ಟು ಚೀಪಲು ಕಲಿಸಿ, ಮೆಲ್ಲಗೆ ತಾಯಿಯ ಹತ್ತಿರ ಒಯ್ಯುವಳು.

ಕೈ ತೊಳೆಯುವುದರಲ್ಲಿ ಅವಳಿಗೆ ಅವಳದೇ ಕಾನೂನು. ಚಪ್ಪಲಿ ಮುಟ್ಟಿದರೆ ತೊಳೆಯಬೇಕು, ನಾಯಿ ಮೂಸಿದರೆ ತೊಳೆಯಬೇಕು, ಬಸ್ಸಿನ ಕಂಬಿ ಹಿಡಿದು ಗಂಗಾವತಿಗೆ ಹೋಗಿಬಂದರಂತೂ ಮೊಣಕೈತನಕ. ಕೊಟ್ಟಿಗೆಯಿಂದ ಬಂದರೆ ಮಾತ್ರ ಸೆರಗಿಗೆ ಒರೆಸಿಕೊಂಡರೆ ಮುಗಿಯಿತು. “ಆಕಳದಾಗ ಎಲ್ಲೀದು ಹೊಲಸು? ಅದರ ಹೆಂಡೀಲೆ ಸಾರಿಸಿದ ನೆಲದ ಮ್ಯಾಲ ದೇವ್ರನ್ನ ಕುಂದ್ರಸ್ತೀವಿ.” ಇದಕ್ಕೆ ನಾವ್ಯಾರೂ ಎದುರು ಹೇಳಿದವರಲ್ಲ. ಓಣಿಯಲ್ಲಿ ದನವಿದ್ದ ಮನೆಗಳಲ್ಲೆಲ್ಲ ಅದೇ ನಡೆಯುತ್ತಿತ್ತು.

ತೊಂಬತ್ತೆಂಟರ ಮಳೆಗಾಲದಲ್ಲಿ ನಾನು ಹೆರಿಗೆಗೆ ತವರಿಗೆ ಬಂದೆ. ಮಗಳು ಹುಟ್ಟಿದ ಕೆಲವೇ ದಿನಕ್ಕೆ ಪಕ್ಕದ ಮನೆಯ ಕರುವಿಗೆ ಭೇದಿ ಹತ್ತಿತು. ಹುಲಿಗೆವ್ವ ಬೆಳಿಗ್ಗೆ ಎದ್ದವಳೇ ಅಲ್ಲಿಗೆ ಓಡಿ, ಕರುವಿನ ಹಿಂಭಾಗ ಒರೆಸಿ, ಬಾಯಲ್ಲಿ ಬೆರಳಿಟ್ಟು ಗಂಜಿ ಕುಡಿಸಿ, ಸೆರಗಿಗೆ ಕೈ ತಿಕ್ಕುತ್ತ ನಮ್ಮ ಬಚ್ಚಲಿಗೆ ಬರುವಳು. ನೀರು ಕಾದಾವೇನ, ಎಣ್ಣಿ ಎಲ್ಲಿ, ಕೂಸು ತರ್ರಿ ಲಗೂ ಎಂದು ಒಂದೇ ಗಡಿಬಿಡಿ. ಕರು ಬದುಕಲಿಲ್ಲ. ಅದರ ಬೆನ್ನಿಗೇ ನನ್ನ ಕೂಸಿಗೆ ಜ್ವರ ಏರಿತು, ಬಟ್ಟೆಯಲ್ಲಿ ರಕ್ತ ಬೆರೆತ ಭೇದಿ ಕಂಡಿತು.

ಗಂಗಾವತಿಯ ದವಾಖಾನೆ ಮುಟ್ಟುವಾಗ ಅದಕ್ಕೆ ಅಳಲೂ ಬಲವಿರಲಿಲ್ಲ. ಡಾಕ್ಟರು ಸಲಾಯಿನ್ ಹಚ್ಚಿ ಕೇಳಿದರು: “ಮನ್ಯಾಗ ದನಾ ಅದಾವೇನ್ರಿ?”

“ಇಲ್ರಿ” ಎಂದೆ.

“ಕೂಸಿಗೆ ಎರಿಯೋರು ಯಾರು? ಅವರು ದನಾ ಮುಟ್ತಾರೇನು?”

ಬಾಗಿಲಲ್ಲಿ ನಿಂತಿದ್ದ ಹುಲಿಗೆವ್ವ ಹೇಳಿದಳು: “ನಾನ ರೀ. ಸತ್ತ ಕರಾನೂ ನಾನ ನೋಡಿನ್ರಿ.”

ಡಾಕ್ಟರು ಬೈಯಲಿಲ್ಲ. “ದನದ ಹೊಟ್ಟ್ಯಾಗಿನ ರೋಗಾಣು ಮನಷ್ಯಾರ ಹೊಟ್ಟ್ಯಾಗೂ ಬೆಳೀತಾವಮ್ಮ. ಸೆರಗಿಗೆ ಒರಸಿದ್ರ ಹೋಗಂಗಿಲ್ಲ. ಈ ಕೂಸಿಗೆ ಕರುವಿಂದನ ಬಂತು ಅಂತ ನಾ ಆಣಿ ಮಾಡಂಗಿಲ್ಲ. ಆದ್ರ ಹಿಂಗೂ ಬರ್ತೈತಿ” ಎಂದರು.

ಕೂಸು ಉಳಿದೀತೋ ಇಲ್ಲವೋ ಎಂದು ಕಾದ ಆ ದಿನಗಳಲ್ಲಿ ಹುಲಿಗೆವ್ವ ಊರಿಗೆ ಹೋಗಲಿಲ್ಲ. ವರಾಂಡದಲ್ಲಿ ಅತ್ತ ಇತ್ತ ನಡೆಯುವಳು. ದವಾಖಾನೆಯ ಆಯಾ ಗದರಿದರೆ ಹೊರಗೆ ಹೋಗಿ ಬೇವಿನ ಗಿಡ ಸುತ್ತುವಳು. ನಳ ಕಂಡಲ್ಲೆಲ್ಲ ಕೈ ತೊಳೆದು, ಮೂಸಿ ನೋಡಿ, ಮತ್ತೆ ತೊಳೆಯುವಳು. ಒಳಗೆ ಮಾತ್ರ ಬರಲೊಲ್ಲಳು. ಬಾಗಿಲಿಂದಲೇ “ಕುಡೀತೇನ?” ಎಂದು ಕೇಳುವಳು, ನಾನು ಇಲ್ಲವೆಂದು ತಲೆ ಅಲ್ಲಾಡಿಸಿದರೆ ಹೋಗಿಬಿಡುವಳು. ನನಗೆ ಅವಳ ಮೇಲೆ ಸಿಟ್ಟಿತ್ತು. ಆ ಮುಖ ನೋಡಿದರೆ ಸಂಕಟವೂ ಆಗುತ್ತಿತ್ತು.

ಒಂದು ಮಧ್ಯಾಹ್ನ ಕೂಸು ತಾನಾಗಿಯೇ ಜಗ್ಗಿ ಮೊಲೆ ಹಿಡಿಯಿತು. “ಕುಡ್ಯಾಕ ಹತ್ತೈತಿ, ಆಯಿ” ಎಂದು ಕೂಗಿದೆ. ಹುಲಿಗೆವ್ವ ಗೋಡೆಗೆ ಒರಗಿ ಅಲ್ಲೇ ಕುಸಿದು ಕೂತಳು. ಕಾಲ ಮೇಲೆ ಕೂಸಿಲ್ಲದೆ ಅವಳು ಕೂತದ್ದನ್ನು ನಾನು ಕಂಡದ್ದು ಅವತ್ತೇ.

ಆಮೇಲೆ ಓಣಿಯವರು ಕರೆದರೂ ಅವಳು ಯಾರ ಕೂಸನ್ನೂ ಮುಟ್ಟಲಿಲ್ಲ. ಕೆಲಸವಿಲ್ಲದ ಕೈ ಹೊತ್ತುಕೊಂಡು ಕಾಲುವೆಯ ದಂಡೆಗುಂಟ ಸುಮ್ಮನೆ ತಿರುಗುತ್ತಿದ್ದಳಂತೆ. ಮುಂದೆ ನನಗೆ ಮಗ ಹುಟ್ಟಿದಾಗ ನಾನೇ ಹೋಗಿ ಕರೆದೆ.

“ಮಗಳ ಗತಿ ಕಂಡಾಕಿ, ಮತ್ತ ನನ್ನ ಕರ್ಯಾಕ ಬಂದೀಯಲ್ಲ?”

“ಸಬಕಾರ ತೆಗದಿಟ್ಟೀನಿ. ಬಾ.”

ಬಂದಳು. ಉಗುರು ಕತ್ತರಿಸಿ, ಮೊಣಕೈತನಕ ಸಬಕಾರ ಹಚ್ಚಿ ತೊಳೆದು ಕಾಲು ಚಾಚಿದಳು. ಬಾಯಿಗೆ ಬೆರಳು ಹಾಕಲಿಲ್ಲ. “ಕುಡಿಯೋದು ಅದಕ್ಕ ಗೊತ್ತೈತಿ” ಎಂದಳು. ಅಲ್ಲಿಂದ ಓಣಿಗೆ ಅವಳ ಕಾಟ ಶುರುವಾಯಿತು. ಕೊಟ್ಟಿಗೆಯಿಂದ ಬಂದವರು ದೊಡ್ಡವರಾಗಲಿ ಸಣ್ಣವರಾಗಲಿ, ದಾರಿಗೆ ಅಡ್ಡ ನಿಂತು “ಕೈ ತೋರ್ಸು” ಎನ್ನುವಳು. ಒದ್ದೆ ಕೈ ತೋರಿಸಿದರೇ ಬಿಡುಗಡೆ.

ಕೊನೆಯ ಸಲ ಅವಳನ್ನು ಕಂಡಾಗ ಹಾಸಿಗೆ ಹಿಡಿದಿದ್ದಳು. ಅವಳಿಗೆ ಯಾರ ಗುರುತೂ ಹತ್ತುತ್ತಿರಲಿಲ್ಲ, ಯಾರು ಉಣಿಸಿದರೂ ಬಾಯಿ ತೆರೆಯುತ್ತಿರಲಿಲ್ಲ. ಚಾದರದೊಳಗೆ ಕಾಲುಗಳು ಮಾತ್ರ ಎಲ್ಲಿಗೋ ಹೊರಟಂತೆ ಅಲುಗಾಡುತ್ತಲೇ ಇದ್ದವು. ಕೊಪ್ಪಳದಲ್ಲಿ ಕಾಲೇಜಿಗೆ ಹೋಗುತ್ತಿದ್ದ ನನ್ನ ಮಗಳು ಕೈ ತೊಳೆದುಕೊಂಡು ಬಂದು, ಹಾಲನ್ನ ಕಲಸಿ, ತುತ್ತನ್ನು ಅವಳ ತುಟಿಗೆ ಹಿಡಿದಳು. ಹುಲಿಗೆವ್ವ ಆ ಒದ್ದೆ ಬೆರಳುಗಳನ್ನು ಬಹಳ ಹೊತ್ತು ನೋಡಿದಳು. ಬಾಯಿ ತೆರೆದಳು. ನುಂಗಿ, ನನ್ನ ಕಡೆ ತಿರುಗಿ ಕೇಳಿದಳು:

“ಕೂಸು ಕುಡೀತೇನ?”

“ಕುಡ್ಯಾಕ ಹತ್ತೈತಿ, ಆಯಿ” ಎಂದೆ.

ಚಾದರದೊಳಗೆ ಕಾಲುಗಳು ನಿಂತವು.