ತೊಳೆದ ಗಿಡ

ನನ್ನ ಹೆಂಡತಿ ದಿನಾ ಬೆಳಿಗ್ಗೆ ಗಿಡ ತೊಳೆಯುತ್ತಿದ್ದಳು. ನೀರು ಹಾಕುವುದಲ್ಲ, ತೊಳೆಯುವುದು. ಒದ್ದೆ ಅರಿವೆ ಹಿಡಿದು, ಕೂಸಿನ ಮುಖ ಒರೆಸಿದಂತೆ ಒಂದೊಂದೇ ಎಲೆ ಒರೆಸುತ್ತಿದ್ದಳು.

ಅದು ಆಡುಸೋಗೆ. ಕುಷ್ಟಗಿಯ ತವರಿನಿಂದ ಟೊಂಗೆ ತಂದು ಬಾಗಿಲ ಮುಂದೆ ಊರಿದ್ದಳು. ಬಲು ಗಟ್ಟಿ ಜೀವ. ನೀರು ಮರೆತರೂ ಸಾಯಲಿಲ್ಲ, ದನಗಳು ಬಾಯಿ ಹಾಕಲಿಲ್ಲ. ಉಳಿದ ಗಿಡಗಳು ಬೋಳಾಗುವ ಚಳಿಗಾಲದಲ್ಲಿ ಇದು ಮೈತುಂಬ ಬಿಳಿ ಹೂ ಬಿಡುತ್ತಿತ್ತು. ಮಕರಂದ ಹೀರಲು ಹೆಬ್ಬೆರಳಿನಷ್ಟು ಗಾತ್ರದ ಸೂರಕ್ಕಿಗಳು ಬರುತ್ತಿದ್ದವು. ಊರಾಚೆ ಕಾರ್ಖಾನೆ ಶುರುವಾದದ್ದೇ ತಡ, ಎಲೆ, ಹೂ ಎಲ್ಲ ಮಸಿ ಹಿಡಿದವು. ಹಕ್ಕಿಗಳು ಬರುವುದು ನಿಂತಿತು. ಆಗ ಇವಳು ತೊಳೆಯಲು ಹಿಡಿದಳು. ಹಕ್ಕಿಗಳು ಮರಳಿದವು. ಇವಳ ಎದೆಗೆ ಹೊಕ್ಕ ಕೆಮ್ಮು ಮಾತ್ರ ಹೋಗಲಿಲ್ಲ.

"ಏ ಸಾಕ್ ಬಿಡು, ಆ ಮಸಿಯೊಳಗ ನಿಂತು ಇನ್ನಷ್ಟು ಕೆಮ್ಮತಿ," ಎಂದು ಬೈಯುತ್ತಿದ್ದೆ.

"ಈ ಚಳಿಗಾಲದಾಗ ಅವು ಮತ್ತೆಲ್ಲಿ ಉಣ್ಣಬೇಕ್ರಿ?" ಎನ್ನುತ್ತಿದ್ದಳು.

ಧೂಳಿನಿಂದ ದೂರ ಇರಿ ಎಂದರು ಡಾಕ್ಟರು. ಎಲ್ಲಿಗೆ ಹೋಗುವುದು, ಆಕಾಶಕ್ಕೇ? ಮನೆ ಇಲ್ಲಿ, ನನ್ನ ಕಿರಾಣಿ ಅಂಗಡಿ ಇಲ್ಲಿ. ಆ ಕಾರ್ಖಾನೆಯ ಹೊಗೆ ನಿಲ್ಲದಿದ್ದರೆ ಇವಳು ಉಳಿಯುವುದಿಲ್ಲ ಎಂಬುದು ನನಗೆ ಖಾತ್ರಿಯಾಗಿತ್ತು. ಓಣಿಯವರನ್ನೆಲ್ಲ ಕೂಡಿಸಿ ಅರ್ಜಿ ಕೊಟ್ಟೆ. ಕೊಪ್ಪಳದ ಕಚೇರಿಗೆ ಅಲೆದಲೆದು ಚಪ್ಪಲಿ ಸವೆದವು. ಕಡೆಗೊಂದು ಚಳಿಗಾಲದ ಮುಂಜಾನೆ ಇಬ್ಬರು ಸಾಹೇಬರು ಪರಿಶೀಲನೆಗೆ ಬಂದರು.

ಓಣಿಯ ಹೆಂಗಸರು ಕಪ್ಪಿಟ್ಟ ತುಳಸಿ, ಕಪ್ಪಿಟ್ಟ ಸೀರೆ, ಒಣಹಾಕಿದ್ದ ಮೆಣಸಿನಕಾಯಿಯ ಮೇಲಿನ ಮಸಿ ಎಲ್ಲ ತೋರಿಸಿದರು. ಸಾಹೇಬರು ಹೂಂ ಹೂಂ ಎನ್ನುತ್ತ ಮುಂದೆ ನಡೆದರು. ನಮ್ಮ ಬಾಗಿಲಿಗೆ ಬಂದಾಗ ಮಾತ್ರ ನಿಂತರು. ಇವಳು ಆಗಷ್ಟೇ ತೊಳೆದು ಮುಗಿಸಿದ್ದಳು. ಗಿಡ ಬೆಳ್ಳಗೆ ಅರಳಿ ನಿಂತಿತ್ತು.

"ಎಲ್ಲೈತ್ರಿ ಧೂಳು? ಇಷ್ಟ್ ಛಲೋ ಹೂ ಬಿಟ್ಟೈತಲ್ಲ!" ಎಂದ ಹಿರಿಯ ಸಾಹೇಬ.

"ದಿನಾ ನಾ ತೊಳಿತೀನ್ರಿ," ಎಂದಳು ಇವಳು.

"ಹಂಗಾರ ತೊಳದ್ರ ಹೋಗ್ತೈತಿ ಅಂದಂಗಾತು," ಎಂದು ನಕ್ಕ. ಅವನ ಬಾಯಿಗೆ ಮಣ್ಣು ಬೀಳಲಿ!

ಇವಳಿಗೆ ಕೆಮ್ಮು ಒತ್ತರಿಸಿ ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಗಿಡದ ಪಕ್ಕ ಬಾಗಿದಳು. ನಾನು ಬೆನ್ನು ಸವರಿದೆ. ಕೆಮ್ಮು ನಿಂತ ಮೇಲೆ ಎದೆ ಮುಟ್ಟಿ ತೋರಿಸಿ ಕೇಳಿದಳು:

"ಇದನ್ನ ಹೆಂಗ ತೊಳೀಲಿ, ಹೇಳ್ರಿ?"

ಕಿರಿಯ ಸಾಹೇಬ ಆಗಲೇ ಮೊಬೈಲು ಎತ್ತಿ ಹಿಡಿದಿದ್ದ.

"ವರದಿಗೆ ಫೋಟೋ ಬೇಕು. ಸ್ವಲ್ಪ ಆ ಕಡಿ ಸರೀರಿ ಅಕ್ಕಾರ, ಹಕ್ಕಿ ಬಂದೈತಿ."